ಬೀಗವಿಲ್ಲದ ಹಾಡಿನ ಪೆಟ್ಟಿಗೆ

ಮೆಚ್ಚಿದ ಹಾಡನ್ನು ಒಬ್ಬರೇ ಕೇಳುವುದಕ್ಕಿಂತ ಇನ್ನೊಬ್ಬರನ್ನು ಕರೆದು ಕೇಳಿಸುವುದರಲ್ಲಿ ಸುಖ ಹೆಚ್ಚು. ನೆರೆಮನೆಯಿಂದ ಗ್ರಾಮಫೋನ್ ಪ್ಲೇಟುಗಳನ್ನು ಎರವಲು ತಂದು ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಆ ನೆರೆಮನೆಯೇ ಪ್ರಪಂಚದಷ್ಟು ವಿಶಾಲವಾಗಿಬಿಟ್ಟರೆ? 1999ರಲ್ಲಿ ಅಮೆರಿಕದಲ್ಲಿ ನಡೆದುದು ಅದೇ.

ಬಾಸ್ಟನ್ ನಗರದಲ್ಲಿ ಕಾಲೇಜು ಓದುತ್ತಿದ್ದ ಷಾನ್ ಫ್ಯಾನಿಂಗ್ ಎಂಬ ಹದಿನೆಂಟರ ತರುಣನು ಓದನ್ನು ಅರ್ಧಕ್ಕೆ ಬಿಟ್ಟು, ಗೆಳೆಯ ಷಾನ್ ಪಾರ್ಕರನೊಡನೆ ಸೇರಿ, ಅಂತರಜಾಲದಲ್ಲಿ 'ನ್ಯಾಪ್‌ಸ್ಟರ್' ಎಂಬ ಹೊಸ ಸಾಧನವನ್ನು ಹೊರತಂದನು. ಅದರ ಗುಟ್ಟು ಸರಳವಾದುದು. ಹಾಡುಗಳಾವುವೂ ಕಂಪನಿಯ ಬಳಿ ಇರಲಿಲ್ಲ. ಯಾರ ಗಣಕಯಂತ್ರದಲ್ಲಿ ಯಾವ ಹಾಡಿದೆ ಎಂಬ ಪಟ್ಟಿ ಮಾತ್ರ ಅದರ ಕೈಯಲ್ಲಿತ್ತು. ಹಾಡು ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ನೇರವಾಗಿ ಹೋಗುತ್ತಿತ್ತು. ಎಂಪಿ3 ಎಂಬ ವಿಧಾನದಿಂದ ಹಾಡಿನ ಗಾತ್ರವನ್ನು ಹೆಚ್ಚುಕಡಮೆ ಹತ್ತನೆಯ ಒಂದು ಪಾಲಿಗೆ ಕುಗ್ಗಿಸಿದ್ದರೂ ಅಂದಿನ ಟೆಲಿಫೋನ್ ತಂತಿಯ ಮೇಲೆ ಒಂದು ಹಾಡು ಬರಲು ಹತ್ತು ಹದಿನೈದು ನಿಮಿಷ ಹಿಡಿಯುತ್ತಿತ್ತು. ಕಾಯುವ ಹೊತ್ತಿನಲ್ಲಿ ಹರಟೆ ಹೊಡೆಯಲು ಅಲ್ಲಿಯೇ ಕೋಣೆಗಳಿದ್ದವು. ಹಾಡು ಕೊಡುತ್ತಿದ್ದ ಅಪರಿಚಿತನ ಸಂಗ್ರಹವನ್ನೆಲ್ಲ ಇಣುಕಿ ನೋಡಬಹುದಾಗಿತ್ತು. ಅಭಿರುಚಿ ಹೊಂದಿತೆಂದರೆ ಅವನಿಗೆ ಎರಡು ಸಾಲು ಬರೆದು ಮಾತಿಗೆಳೆಯಬಹುದಾಗಿತ್ತು. ನಡುವೆ ಆ ಪುಣ್ಯಾತ್ಮನು ಯಂತ್ರವನ್ನು ಆರಿಸಿ ಮಲಗಲು ಹೋದನೋ, ಹಾಡು ಪಲ್ಲವಿಯಲ್ಲಿಯೇ ನಿಂತಿತೆಂದು ತಿಳಿಯಬೇಕು!

ಎಲ್ಲವೂ ಸರಿ, ಹಾಡಿದವರ ಪಾಡೇನು? ಅವರಿಗೆ ಬಿಡಿಗಾಸೂ ಸಲ್ಲುತ್ತಿರಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಧ್ವನಿಮುದ್ರಣ ಕಂಪನಿಗಳು ನ್ಯಾಯಾಲಯದ ಮೆಟ್ಟಿಲು ಹತ್ತಿದವು. 'ಮೆಟಾಲಿಕಾ' ವಾದ್ಯಗೋಷ್ಠಿಯವರ ಹಾಡೊಂದು ಬಿಡುಗಡೆಗೆ ಮೊದಲೇ, ಇನ್ನೂ ಪೂರ್ಣಗೊಳ್ಳದ ರೂಪದಲ್ಲಿ, ರೇಡಿಯೋದಲ್ಲಿ ಕೇಳಿಬಂದಿತು. 2000ದ ಏಪ್ರಿಲಿನಲ್ಲಿ ಅವರೂ ದಾವೆ ಹೂಡಿದರು. ಮುಂದಿನ ತಿಂಗಳು ಮೂರು ಲಕ್ಷಕ್ಕೂ ಮಿಕ್ಕ ಬಳಕೆದಾರರ ಪಟ್ಟಿಯನ್ನು ಕಂಪನಿಯ ಮುಂದಿಟ್ಟು, ಅವರನ್ನು ಹೊರಗಟ್ಟಬೇಕೆಂದರು. ಸ್ವಾರಸ್ಯವೆಂದರೆ, ಹಾಗೆ ಹೊರಬಿದ್ದವರಲ್ಲಿ ಮೆಟಾಲಿಕಾದ ಹಾಡನ್ನು ಮೆಚ್ಚಿದವರೂ ಇದ್ದರು. ಕಲಾವಿದರೆಲ್ಲರೂ ಒಂದೇ ದನಿಯಲ್ಲಿ ಮಾತನಾಡಲಿಲ್ಲ. ರ‍್ಯಾಪ್ ಗಾಯಕ ಚಕ್ ಡಿ ಬಹಿರಂಗವಾಗಿಯೇ ನ್ಯಾಪ್‌ಸ್ಟರಿನ ಪರ ವಾದಿಸಿದರು.

2001ರ ಫೆಬ್ರುವರಿಯಲ್ಲಿ ಮೇಲ್ಮನವಿ ನ್ಯಾಯಾಲಯದ ತೀರ್ಪು ನ್ಯಾಪ್‌ಸ್ಟರಿಗೆ ವಿರುದ್ಧವಾಯಿತು. ಹಾಡು ತನ್ನಲ್ಲಿಲ್ಲವೆಂಬ ವಾದ ನಿಲ್ಲಲಿಲ್ಲ. ಪಟ್ಟಿ ಕೈಯಲ್ಲಿದ್ದುದೇ ಅದಕ್ಕೆ ಉರುಳಾಯಿತು. ಜುಲೈ ತಿಂಗಳಲ್ಲಿ ಹಾಡುಗಳ ವಿನಿಮಯ ನಿಂತುಹೋಯಿತು.

2003ರ ಏಪ್ರಿಲಿನಲ್ಲಿ ಆಪಲ್ ಕಂಪನಿಯು ಅಂತರಜಾಲದಲ್ಲಿಯೇ ಹಾಡಿನ ಅಂಗಡಿ ತೆರೆಯಿತು. ಹಾಡೊಂದಕ್ಕೆ 99 ಸೆಂಟ್ ಬೆಲೆ. ಹಾಡಿದವರಿಗೂ ಅದರಲ್ಲಿ ಪಾಲು. ಹರಟೆಯ ಕೋಣೆ ಮಾತ್ರ ಆ ಅಂಗಡಿಯಲ್ಲಿರಲಿಲ್ಲ.