ಆಟೋಮ್ಯಾಟಿಕ್ ಗೇರ್‌ಬಾಕ್ಸ್: ಬಿಚ್ಚುವ ಮುನ್ನ ಯೋಚಿಸಿ



ಕಾರು ಓಡಿಸುವವರನ್ನು ನೀವು ಗಮನಿಸಿರಬಹುದು. ಎಡಗಾಲಿನಿಂದ ಕ್ಲಚ್ ಒತ್ತಿ, ಎಡಗೈಯಿಂದ ಗೇರ್ ಬದಲಿಸಿ, ಮೆಲ್ಲನೆ ಕ್ಲಚ್ ಬಿಡಬೇಕು. ಕಲಿಯುವ ದಿನಗಳಲ್ಲಿ ಕಾರು ಎಗರಿ ನಿಂತುಬಿಡುವುದೂ ಉಂಟು. ಆಟೋಮ್ಯಾಟಿಕ್ ಕಾರಿನಲ್ಲಿ ಕ್ಲಚ್ ಪೆಡಲೇ ಇರುವುದಿಲ್ಲ. ಹಾಗಾದರೆ ಗೇರ್ ಬದಲಿಸುವವರು ಯಾರು? ಅದು ಕೆಟ್ಟರೆ ಎಲ್ಲಿ ಕೆಟ್ಟಿದೆ ಎಂದು ತಿಳಿಯುವುದು ಹೇಗೆ?

ಈ ಪ್ರಶ್ನೆಗಳಿಗೆ ಉತ್ತರ ನನಗೆ ಸಿಕ್ಕಿದ್ದು ಬಿ.ಎಸ್ಸಿ.ಯಲ್ಲಿ ನನ್ನ ಜೊತೆ ಓದಿದ ಗೆಳೆಯನೊಬ್ಬನಿಂದ. ಆತ ಈಗ ಅಮೆರಿಕದ ಮಿಷಿಗನ್ ರಾಜ್ಯದಲ್ಲಿದ್ದಾನೆ. ಅಲ್ಲಿ ಕೂಲಿ ದುಬಾರಿ. ಮನೆಯ ಗ್ಯಾರೇಜಿನಲ್ಲೇ ಕಾರು ಬಿಚ್ಚಿ ಜೋಡಿಸುವ ಹವ್ಯಾಸ ಅನೇಕರಿಗಿದೆ. ನನ್ನ ಗೆಳೆಯನೂ 1970ರ ದಶಕದ ಹಳೆಯ ಕಾರೊಂದನ್ನು ಕೊಂಡು ಅದರ ಗೇರ್‌ಬಾಕ್ಸನ್ನು ತಾನೇ ರಿಪೇರಿ ಮಾಡಿದ. ಒಂದು ಸಲವಲ್ಲ, ಎರಡು ಸಲ! ಎರಡನೆಯ ಸಲ ಏಕೆ ಮಾಡಬೇಕಾಯಿತು ಎಂಬುದರಲ್ಲೇ ನಮಗೆ ಪಾಠವಿದೆ.

ಎರಡು ಫ್ಯಾನುಗಳ ಪ್ರಯೋಗ

ಮೊದಲು ಒಂದು ಸರಳ ಪ್ರಯೋಗ ನೋಡೋಣ. ಎರಡು ಟೇಬಲ್ ಫ್ಯಾನುಗಳನ್ನು ಎದುರುಬದುರಾಗಿ ಹತ್ತಿರ ಇಡಿ. ಒಂದನ್ನು ಮಾತ್ರ ಚಾಲೂ ಮಾಡಿ. ಅದರ ಗಾಳಿಗೆ ಎದುರಿನ ಫ್ಯಾನಿನ ರೆಕ್ಕೆಗಳೂ ತಿರುಗತೊಡಗುತ್ತವೆ. ಎರಡರ ನಡುವೆ ಯಾವ ಸರಳೂ ಇಲ್ಲ, ಬೆಲ್ಟೂ ಇಲ್ಲ. ಗಾಳಿಯೇ ಶಕ್ತಿಯನ್ನು ಸಾಗಿಸಿತು.

ಗಾಳಿಯ ಬದಲು ಎಣ್ಣೆಯನ್ನೂ, ಫ್ಯಾನುಗಳ ಬದಲು ಮುಚ್ಚಿದ ಡಬ್ಬಿಯೊಳಗಿನ ರೆಕ್ಕೆಚಕ್ರಗಳನ್ನೂ ಕಲ್ಪಿಸಿಕೊಳ್ಳಿ. ಒಂದು ಚಕ್ರ ಎಂಜಿನ್ನಿಗೆ, ಇನ್ನೊಂದು ಗೇರ್‌ಬಾಕ್ಸಿಗೆ ಸೇರಿರುತ್ತದೆ. ಇವುಗಳ ನಡುವೆ ಸ್ಟೇಟರ್ ಎಂಬ ಮೂರನೆಯ ಚಕ್ರವಿದ್ದು, ಹಿಂದಿರುಗುವ ಎಣ್ಣೆಯ ದಿಕ್ಕನ್ನು ಅನುಕೂಲವಾಗಿ ತಿರುಗಿಸುತ್ತದೆ. ಇದರಿಂದ ಕಾರು ನಿಂತಲ್ಲಿಂದ ಹೊರಡುವಾಗ ತಿರುಗುಬಲ ಸುಮಾರು ಎರಡು ಪಟ್ಟಾಗುತ್ತದೆ. ಇದೇ ಟಾರ್ಕ್ ಕನ್ವರ್ಟರ್. ಇದರ ಮೂಲಕಲ್ಪನೆ ಜರ್ಮನಿಯ ಹರ್ಮನ್ ಫಾಟಿಂಗರ್ ಅವರದು. ಹಡಗುಗಳಿಗಾಗಿ ಅವರು ಇದಕ್ಕೆ 1905ರಲ್ಲಿ ಪೇಟೆಂಟ್ ಪಡೆದರು. ಕಾರು ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ಆಫ್ ಆಗದೆ ಉಳಿಯುವುದು ಎಣ್ಣೆಯ ಈ ಸಡಿಲ ಸಂಬಂಧದಿಂದಲೇ.

ಸೂರ್ಯ, ಗ್ರಹ, ಉಂಗುರ

ಇನ್ನು ಗೇರುಗಳು. ನಡುವೆ ಸೂರ್ಯ ಗೇರ್, ಅದರ ಸುತ್ತ ಗ್ರಹ ಗೇರುಗಳು, ಅವೆಲ್ಲವನ್ನೂ ಬಳಸಿದ ಉಂಗುರ ಗೇರ್. ಗ್ರಹಗಳನ್ನು ಹಿಡಿದಿರುವ ಚೌಕಟ್ಟಿಗೆ ವಾಹಕ ಎನ್ನೋಣ. ಇಲ್ಲಿ ಹಲ್ಲುಗಳು ಸದಾ ಒಂದಕ್ಕೊಂದು ಕಚ್ಚಿಕೊಂಡೇ ಇರುತ್ತವೆ. ಒಂದನ್ನು ಅಲುಗದಂತೆ ಹಿಡಿದು ಇನ್ನೊಂದನ್ನು ತಿರುಗಿಸಿದರೆ, ಮೂರನೆಯದು ಬೇರೆ ವೇಗದಲ್ಲಿ ಅಥವಾ ಬೇರೆ ದಿಕ್ಕಿನಲ್ಲಿ ತಿರುಗುತ್ತದೆ. ಯಾವುದನ್ನು ಹಿಡಿಯುವುದು, ಯಾವುದನ್ನು ತಿರುಗಿಸುವುದು ಎಂಬ ಆಯ್ಕೆಯೇ ಗೇರ್ ಬದಲಾವಣೆ.

ಹಿಡಿಯುವ ಕೆಲಸ ಕ್ಲಚ್ಚುಗಳದು. ಒಂದೊಂದು ಕ್ಲಚ್ಚಿನಲ್ಲೂ ಹಲವು ತೆಳು ತಟ್ಟೆಗಳು. ಪಂಪಿನ ಒತ್ತಡದಿಂದ ಬರುವ ಎಣ್ಣೆ ಒಂದು ಪಿಸ್ಟನ್ನನ್ನು ತಳ್ಳುತ್ತದೆ, ಪಿಸ್ಟನ್ ತಟ್ಟೆಗಳನ್ನು ಒತ್ತಿ ಹಿಡಿಯುತ್ತದೆ. ಪಿಸ್ಟನ್ನಿನ ಅಂಚಿನಲ್ಲಿರುವ ರಬ್ಬರ್ ಸೀಲ್ ಎಣ್ಣೆ ಸೋರದಂತೆ ತಡೆಯುತ್ತದೆ. ಈ ಸೀಲನ್ನು ನೆನಪಿಡಿ.

ಗೆಳೆಯನ ಕಾರಿನಲ್ಲಿದ್ದದ್ದು ಜನರಲ್ ಮೋಟರ್ಸ್‌ನ ಟರ್ಬೊ ಹೈಡ್ರಾಮ್ಯಾಟಿಕ್ 350. 1969ರ ಮಾದರಿಯ ಕಾರುಗಳಿಂದ ಬಳಕೆಗೆ ಬಂದ ಇದರಲ್ಲಿ ಕಂಪ್ಯೂಟರ್ ಇಲ್ಲ, ಎಲ್ಲವೂ ಎಣ್ಣೆಯ ಒತ್ತಡದ ಆಟ. ಕಲಿಯುವವರಿಗೆ ಪಠ್ಯಪುಸ್ತಕದಂಥ ಯಂತ್ರ. ಮುಂದಕ್ಕೆ ಮೂರು ಗೇರು, ಹಿಂದಕ್ಕೆ ಒಂದು. ಮೊದಲ ಗೇರಿನಲ್ಲಿ ಎಂಜಿನ್ ಕಡೆಯ ದಂಡ 2.52 ಸುತ್ತು ತಿರುಗಿದರೆ ಹೊರಗಿನ ದಂಡ 1 ಸುತ್ತು. ಎರಡನೆಯದರಲ್ಲಿ 1.52ಕ್ಕೆ 1. ಮೂರನೆಯದರಲ್ಲಿ ಎರಡೂ ಸಮ.

ಯಾವ ಗೇರಿಗೆ ಯಾರು ದುಡಿಯುತ್ತಾರೆ?

ರೋಗ ಪತ್ತೆಗೆ ಬೇಕಾದ ಮುಖ್ಯ ಉಪಕರಣ ಸ್ಪ್ಯಾನರ್ ಅಲ್ಲ, ಈ ಪಟ್ಟಿ:

ಒಂದನೆಯ ಗೇರ್: ಫಾರ್ವರ್ಡ್ ಕ್ಲಚ್, ಲೋ ರೋಲರ್ ಕ್ಲಚ್.
ಎರಡನೆಯ ಗೇರ್: ಫಾರ್ವರ್ಡ್ ಕ್ಲಚ್, ಇಂಟರ್‌ಮೀಡಿಯೆಟ್ ಕ್ಲಚ್ ಮತ್ತು ಅದರ ರೋಲರ್.
ಮೂರನೆಯ ಗೇರ್: ಫಾರ್ವರ್ಡ್ ಕ್ಲಚ್, ಡೈರೆಕ್ಟ್ ಕ್ಲಚ್.
ರಿವರ್ಸ್: ಡೈರೆಕ್ಟ್ ಕ್ಲಚ್, ಲೋ-ರಿವರ್ಸ್ ಕ್ಲಚ್.

ರೋಲರ್ ಎಂದರೆ ಒಂದೇ ದಿಕ್ಕಿಗೆ ತಿರುಗಗೊಡುವ ಕ್ಲಚ್. ಸೈಕಲ್ಲಿನ ಹಿಂಚಕ್ರದ ಫ್ರೀವೀಲ್‌ನಂತೆ ಎಂದುಕೊಳ್ಳಿ.

ಗೆಳೆಯನ ಕಾರು ಒಂದು, ಎರಡನೆಯ ಗೇರಿನಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ಮೂರಕ್ಕೆ ಬಂದರೆ ಎಂಜಿನ್ ಅಬ್ಬರಿಸುತ್ತಿತ್ತು, ವೇಗ ಏರುತ್ತಿರಲಿಲ್ಲ. ರಿವರ್ಸ್ ಹಾಕಿದರೆ ಅಲುಗುತ್ತಲೇ ಇರಲಿಲ್ಲ. ಈಗ ಗಣಿತದ ತರಗತಿಯಲ್ಲಿ ಓದಿದ ಗಣಗಳ ಛೇದನವನ್ನು ನೆನಪಿಸಿಕೊಳ್ಳಿ. ಮೂರನೆಯ ಗೇರಿಗೂ ರಿವರ್ಸಿಗೂ ಸಮಾನವಾದದ್ದು ಯಾವುದು? ಡೈರೆಕ್ಟ್ ಕ್ಲಚ್ ಒಂದೇ. ಫಾರ್ವರ್ಡ್ ಕ್ಲಚ್ ಕೆಟ್ಟಿದ್ದರೆ ಒಂದು ಮತ್ತು ಎರಡನೆಯ ಗೇರುಗಳೂ ಕೈಕೊಡುತ್ತಿದ್ದವು. ಒಂದು ಬೋಲ್ಟನ್ನೂ ಬಿಚ್ಚದೆ ಇಷ್ಟು ತಿಳಿಯಿತು!

ಇನ್ನೊಂದು ಉದಾಹರಣೆ. ಲಿವರನ್ನು 'ಡಿ'ಯಲ್ಲಿ ಇಟ್ಟರೆ ಕಾರು ಕದಲುವುದಿಲ್ಲ, 'ಎಲ್'ನಲ್ಲಿ ಇಟ್ಟರೆ ಹೊರಡುತ್ತದೆ. 'ಎಲ್'ನಲ್ಲಿ ಲೋ ರೋಲರ್ ಜೊತೆಗೆ ಲೋ-ರಿವರ್ಸ್ ಕ್ಲಚ್ಚೂ ಅದೇ ವಾಹಕವನ್ನು ಹಿಡಿಯುತ್ತದೆ. ಅಂದಮೇಲೆ ಅನುಮಾನ ಯಾವುದರ ಮೇಲೆ? ನೀವೇ ಹೇಳಿ. ಹೌದು, ಲೋ ರೋಲರ್ ಮೇಲೆ.

ಮೊದಲು ಸುಲಭದ ಪರೀಕ್ಷೆ

ಎಲ್ಲ ದೂರಿಗೂ ಗೇರ್‌ಬಾಕ್ಸ್ ಇಳಿಸಬೇಕಾಗಿಲ್ಲ. ಎಣ್ಣೆ ಕಡಿಮೆಯಿದ್ದರೆ ಪಂಪ್ ಗಾಳಿ ಹೀರುತ್ತದೆ, ಒತ್ತಡ ಬೀಳುತ್ತದೆ. ಹೆಚ್ಚಿದ್ದರೆ ಎಣ್ಣೆ ನೊರೆಯಾಗುತ್ತದೆ. ಈ ಮಾದರಿಯಲ್ಲಿ ಕಾರನ್ನು ಸಮತಟ್ಟಾದ ಜಾಗದಲ್ಲಿ 'ಪಾರ್ಕ್'ನಲ್ಲಿ ನಿಲ್ಲಿಸಿ, ಬಿಸಿಯಾದ ಎಂಜಿನ್ ಚಾಲನೆಯಲ್ಲಿರುವಾಗಲೇ ಡಿಪ್‌ಸ್ಟಿಕ್ ನೋಡಬೇಕು. ಎಣ್ಣೆ ಕೆಂಪಗಿದ್ದರೆ ಸರಿ. ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬಂದರೆ ಒಳಗೆ ತಟ್ಟೆಗಳು ಜಾರುತ್ತಿವೆ ಎಂದರ್ಥ.

ಗೇರ್ ತಡವಾಗಿ, ಧಡಕ್ಕನೆ ಬದಲಾಗುತ್ತಿದ್ದರೆ ಎಂಜಿನ್ನಿನಿಂದ ಬರುವ ಸಣ್ಣ ನಿರ್ವಾತ ಕೊಳವೆ ಬಿರುಕು ಬಿಟ್ಟಿರಬಹುದು. ಎಂಜಿನ್ ಎಷ್ಟು ಭಾರ ಎಳೆಯುತ್ತಿದೆ ಎಂಬ ಸುದ್ದಿ ಗೇರ್‌ಬಾಕ್ಸಿಗೆ ತಲುಪುವುದು ಆ ಕೊಳವೆಯಿಂದ. ಅದರ ತುದಿಯ ಬಿಲ್ಲೆಯೊಳಗಿನ ಪೊರೆ ಹರಿದರೆ ಎಂಜಿನ್ ಗೇರ್‌ಬಾಕ್ಸಿನ ಎಣ್ಣೆಯನ್ನೇ ಹೀರಿ ಬಿಳಿ ಹೊಗೆ ಉಗುಳುತ್ತದೆ. ಸಣ್ಣ ಭಾಗ ಬದಲಿಸಿದರೆ ಮುಗಿಯುವ ಕೆಲಸಕ್ಕೆ ಇಡೀ ಗೇರ್‌ಬಾಕ್ಸ್ ಬಿಚ್ಚಿದವರಿದ್ದಾರೆ.

ಮೊದಲ ಸಲ ತಪ್ಪಿದ್ದೆಲ್ಲಿ?

ಗೆಳೆಯ ಡೈರೆಕ್ಟ್ ಕ್ಲಚ್ ತೆರೆದು ನೋಡಿದ. ತಟ್ಟೆಗಳು ಕರಿಕಲಾಗಿದ್ದವು. ಹೊಸ ತಟ್ಟೆ ಹಾಕಿದ, ಜೋಡಿಸಿದ, ಕಾರು ಓಡಿತು. ಎರಡು ತಿಂಗಳಿಗೆ ಅದೇ ಕಾಯಿಲೆ ಮತ್ತೆ!

"ಸುಟ್ಟದ್ದನ್ನು ಬದಲಾಯಿಸಿದೆ ಕಣೋ, ಯಾಕೆ ಸುಟ್ಟಿತು ಅಂತ ಕೇಳಲೇ ಇಲ್ಲ" ಎಂದು ಫೋನಿನಲ್ಲಿ ಹೇಳಿದ.

ಪಿಸ್ಟನ್ನಿನ ಸೀಲ್ ವರ್ಷಗಳ ಕಾಲ ಬಿಸಿ ಎಣ್ಣೆಯಲ್ಲಿ ಬೆಂದು ಗಟ್ಟಿಯಾಗಿತ್ತು. ಅಂಚಿನಿಂದ ಎಣ್ಣೆ ಸೋರಿ ಒತ್ತಡ ಸಾಲದಾಯಿತು. ಒತ್ತಡ ಸಾಲದೆ ತಟ್ಟೆಗಳು ಜಾರಿದವು. ಜಾರಿದಾಗ ಘರ್ಷಣೆಯ ಶಾಖಕ್ಕೆ ಸುಟ್ಟವು. ಸುಟ್ಟ ತಟ್ಟೆ ಪರಿಣಾಮ, ಸೋರುವ ಸೀಲ್ ಕಾರಣ. ಪರಿಣಾಮವನ್ನು ಬದಲಿಸಿ ಕಾರಣವನ್ನು ಒಳಗೇ ಬಿಟ್ಟಿದ್ದ.

ಎರಡನೆಯ ಸಲ ಆತ ಸಾವಧಾನದಿಂದ ಕೆಲಸ ಮಾಡಿದ. ಪ್ರತಿ ಭಾಗವನ್ನೂ ಬಿಚ್ಚಿದ ಕ್ರಮದಲ್ಲೇ ಜೋಡಿಸಿಟ್ಟು ಫೋಟೊ ತೆಗೆದ. ಹಳೆಯ ಬಟ್ಟೆಯಿಂದ ಒರೆಸಲಿಲ್ಲ, ಏಕೆಂದರೆ ಒಂದು ನೂಲಿನೆಳೆ ಸಿಕ್ಕಿಕೊಂಡರೂ ಸಣ್ಣ ಕವಾಟ ಅಂಟಿಕೊಳ್ಳುತ್ತದೆ. ಎಲ್ಲ ಸೀಲುಗಳನ್ನೂ ಬದಲಿಸಿದ. ಹೊಸ ತಟ್ಟೆಗಳನ್ನು ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆಯಲ್ಲೇ ನೆನೆಸಿಟ್ಟ. ಕ್ಲಚ್ಚಿಗೆ ಎಣ್ಣೆ ಹೋಗುವ ರಂಧ್ರಕ್ಕೆ ಗಾಳಿ ಊದಿ, ಪಿಸ್ಟನ್ 'ಧಪ್' ಎಂದು ಒತ್ತುವ ಸದ್ದು ಕೇಳಿಸಿಕೊಂಡ. ಬುಸ್ಸೆಂದು ಗಾಳಿ ಸೋರಿದ್ದರೆ ಸೀಲ್ ಸರಿಯಾಗಿ ಕೂತಿಲ್ಲ ಎಂದಾಗುತ್ತಿತ್ತು. ಎಣ್ಣೆ ತಣಿಸುವ ಕೊಳವೆಗಳನ್ನೂ ತೊಳೆದ. ಇಲ್ಲದಿದ್ದರೆ ಅಲ್ಲಿ ಉಳಿದ ಹಳೆಯ ಪುಡಿ ಹೊಸ ತಟ್ಟೆಗಳಿಗೇ ಬಂದು ಸೇರುತ್ತದೆ. ಕೊನೆಗೆ ಟಾರ್ಕ್ ಕನ್ವರ್ಟರ್ ಮೆಟ್ಟಿಲು ಮೆಟ್ಟಿಲಾಗಿ ಪಂಪಿನೊಳಗೆ ಪೂರ್ತಿ ಇಳಿದಿದೆಯೇ ಎಂದು ಅಳತೆ ಮಾಡಿ ನೋಡಿದ. ಅರ್ಧ ಕೂತಿದ್ದಾಗ ಬೋಲ್ಟ್ ಬಿಗಿದರೆ ಪಂಪ್ ಒಡೆದುಹೋಗುತ್ತದೆ. ಆ ಗೇರ್‌ಬಾಕ್ಸ್ ಇಂದಿಗೂ ಚೆನ್ನಾಗಿದೆ.

ಒಂದು ಎಚ್ಚರಿಕೆ

ಇದನ್ನು ಓದಿ ಯಾರೂ ಕಾರಿನ ಕೆಳಗೆ ನುಸುಳಬೇಡಿ. ಈ ಗೇರ್‌ಬಾಕ್ಸಿನ ತೂಕ 50 ಕಿಲೋಗೂ ಮಿಕ್ಕಿದ್ದು. ಬರೀ ಜಾಕಿನ ಮೇಲೆ ನಿಂತ ಕಾರಿನಡಿ ಮಲಗುವುದು ಪ್ರಾಣಕ್ಕೇ ಅಪಾಯ. ಗಟ್ಟಿ ಸ್ಟ್ಯಾಂಡುಗಳು, ಗೇರ್‌ಬಾಕ್ಸ್ ಇಳಿಸುವ ಜಾಕ್ ಮತ್ತು ತಿಳಿದವರು ಜೊತೆಗಿರಲೇಬೇಕು.

ಇಂದಿನ ಕಾರುಗಳ ಸಂಗತಿ ಬೇರೆ. ನಮ್ಮಲ್ಲಿ 2014ರಲ್ಲಿ ಬಂದ ಮಾರುತಿ ಸುಝುಕಿ ಸೆಲೆರಿಯೊದಿಂದ ಜನಪ್ರಿಯವಾದ ಎಎಂಟಿಯಲ್ಲಿ ಇರುವುದು ಮಾಮೂಲಿ ಗೇರ್‌ಬಾಕ್ಸೇ. ಕ್ಲಚ್ ಒತ್ತಿ ಗೇರ್ ಬದಲಿಸುವ ಕೆಲಸವನ್ನು ಮಾತ್ರ ಕಂಪ್ಯೂಟರಿನ ಆಣತಿಯಂತೆ ಯಂತ್ರ ಮಾಡುತ್ತದೆ. ಹೊಸ ಆಟೋಮ್ಯಾಟಿಕ್ ಕಾರುಗಳಲ್ಲಿ ಸ್ಕ್ಯಾನರ್ ಜೋಡಿಸಿದರೆ ದೋಷದ ಸಂಕೇತ ಕಾಣುತ್ತದೆ. ಆದರೆ ಆ ಸಂಕೇತವೂ ಪರಿಣಾಮವನ್ನಷ್ಟೇ ಹೇಳಬಹುದು. ಕಾರಣವನ್ನು ಮನುಷ್ಯನೇ ಹುಡುಕಬೇಕು.

ಆದ್ದರಿಂದ ಮನೆಯ ಕಾರು ಮೊಂಡು ಹಿಡಿದರೆ ಒಂದು ಕಾಗದ ತೆಗೆದುಕೊಳ್ಳಿ. ಯಾವ ಗೇರಿನಲ್ಲಿ, ತಣ್ಣಗಿದ್ದಾಗಲೋ ಬಿಸಿಯಾದಾಗಲೋ, ಏರಿನಲ್ಲೋ ಸಮತಟ್ಟಿನಲ್ಲೋ ತೊಂದರೆ ಎಂದು ಬರೆದು ಮೆಕ್ಯಾನಿಕ್‌ಗೆ ಕೊಡಿ. ಅವರ ಅರ್ಧ ಕೆಲಸ ಮುಗಿದಂತೆ. ರಿಪೇರಿಯಾದ ಮೇಲೆ ಒಂದು ಪ್ರಶ್ನೆ ಕೇಳಲು ಮರೆಯಬೇಡಿ: "ಏನು ಕೆಟ್ಟಿತ್ತು ಎಂಬುದು ಸರಿ, ಏಕೆ ಕೆಟ್ಟಿತ್ತು?"