ಟಿ-ಕೋಶದ ಕ್ಯಾಲ್ಸಿಯಂ ಬಾಗಿಲು

ಮುಂಬಯಿಯ ಪರೇಲಿನಲ್ಲಿ ಇಳಿದು ‘ಟಾಟಾ’ ಎಂದರೆ ಸಾಕು, ಯಾರಾದರೂ ದಾರಿ ತೋರಿಸುತ್ತಾರೆ. ಕಲಬುರಗಿ, ವಿಜಯಪುರದ ಕಡೆಯಿಂದ ರೋಗಿಯನ್ನು ಕರೆತಂದವರ ಬಾಯಲ್ಲೂ ಟಾಟಾ ಮೆಮೋರಿಯಲ್ ಆಸ್ಪತ್ರೆಗೆ ಅಷ್ಟೇ ಹೆಸರು. ಈ ಆಸ್ಪತ್ರೆಯೂ ಪವಾಯಿಯ ಐಐಟಿಯೂ ಸೇರಿ ರಕ್ತದ ಕ್ಯಾನ್ಸರಿಗೆಂದು ರೂಪಿಸಿದ ಕಾರ್-ಟಿ ಚಿಕಿತ್ಸೆ 2021ರ ಜೂನ್ 4ರಂದು ಖಾರ್‌ಘರ್‌ನ ಆಕ್ಟ್ರೆಕ್ ಕೇಂದ್ರದಲ್ಲಿ ಮೊದಲ ಬಾರಿಗೆ ನಡೆಯಿತು. 2023ರ ಅಕ್ಟೋಬರಿನಲ್ಲಿ ‘ನೆಕ್ಸ್‌ಕಾರ್19’ ಹೆಸರಿನಲ್ಲಿ ಅದಕ್ಕೆ ಸರ್ಕಾರದ ಅನುಮತಿಯೂ ಸಿಕ್ಕಿತು. ವಿದೇಶದಲ್ಲಿ ಕೋಟಿಗಟ್ಟಲೆ ಬೀಳುವ ಚಿಕಿತ್ಸೆ ಇಲ್ಲಿ ಲಕ್ಷಗಳಿಗೆ ಇಳಿಯಿತೆಂದು ಪತ್ರಿಕೆಗಳು ಬರೆದವು. ಸುದ್ದಿಯೇ, ಸರಿ. ನನ್ನ ಕುತೂಹಲ ಮಾತ್ರ ಕೋಶದ ಒಳಗಿನದು.

ರೋಗಿಯ ರಕ್ತದಿಂದ, ರೋಗದ ವಿರುದ್ಧ ಹೋರಾಡುವ ಟಿ-ಕೋಶಗಳನ್ನು ತೆಗೆದು, ಬಿ-ಕೋಶಗಳ ಮೈಮೇಲಿನ ಸಿಡಿ19 ಎಂಬ ಗುರುತನ್ನು ಹಿಡಿಯಬಲ್ಲ ಹೊಸ ಗ್ರಾಹಕವನ್ನು ಅವಕ್ಕೆ ಕೂಡಿಸುತ್ತಾರೆ. ಹೊಸದು ಎಂದರೆ ಹೊರಗೆ ಚಾಚಿದ ಭಾಗವಷ್ಟೇ. ಒಳಗಿನ ಬಾಲ ಟಿ-ಕೋಶದ ಹಳೆಯ ಸಾಮಾನೇ. ಗುರಿ ಸಿಕ್ಕಿದ ಮೇಲಿನ ಕೆಲಸವೆಲ್ಲ ಹಳೆಯ ದಾರಿಯಲ್ಲೇ ಸಾಗುತ್ತದೆ, ಆ ದಾರಿ ಹಾಯುವುದು ಅಯಾನು ವಾಹಿನಿಗಳ ಮೂಲಕ.

ಸುಮ್ಮನಿರುವ ಟಿ-ಕೋಶದ ಹೊರಗೆ ಒಳಗಿಗಿಂತ ಸುಮಾರು 10,000 ಪಟ್ಟು ಹೆಚ್ಚು ಕ್ಯಾಲ್ಸಿಯಂ ಅಯಾನುಗಳಿರುತ್ತವೆ. ಪೊರೆಯಲ್ಲಿರುವ ಒರೈ1 ಎಂಬ ವಾಹಿನಿ ತೆರೆದರೆ ಅವು ಒಳನುಗ್ಗುತ್ತವೆ. ಸೋಜಿಗವೆಂದರೆ, ಈ ಬಾಗಿಲಿಗೆ ಹೊರಗಿನ ಶತ್ರುವಿನ ಪರಿಚಯವೇ ಇಲ್ಲ. ಗ್ರಾಹಕ ಗುರಿಯನ್ನು ಹಿಡಿದಾಗ ಐಪಿ3 ಎಂಬ ಸಣ್ಣ ಅಣು ಹುಟ್ಟುತ್ತದೆ. ಅದು ಕೋಶದೊಳಗಿನ ಕ್ಯಾಲ್ಸಿಯಂ ಉಗ್ರಾಣವಾದ ಅಂತರ್ದ್ರವ್ಯ ಜಾಲವನ್ನು ಬರಿದು ಮಾಡುತ್ತದೆ. ಬರಿದಾದದ್ದನ್ನು ಪತ್ತೆ ಹಚ್ಚುವುದು ಉಗ್ರಾಣದ ಗೋಡೆಯಲ್ಲೇ ಕೂತ ಸ್ಟಿಮ್1 ಪ್ರೋಟೀನು. ಸ್ಟಿಮ್1 ಅಣುಗಳು ಗುಂಪುಗೂಡಿ, ಉಗ್ರಾಣವೂ ಹೊರಪೊರೆಯೂ ತೀರ ಹತ್ತಿರವಿರುವ ಕಡೆಗೆ ಸರಿದು, ಒರೈ1ನ್ನು ಹಿಡಿದು ತೆರೆಯುತ್ತವೆ. ಮುಂಬಯಿಯ ಕಟ್ಟಡಗಳ ನೀರಿನ ಟ್ಯಾಂಕಿನಲ್ಲಿ ಮಟ್ಟ ಇಳಿದೊಡನೆ ತೇಲುವ ಚೆಂಡೂ ಇಳಿದು ವಾಲ್ವ್ ಬಿಚ್ಚಿಕೊಳ್ಳುವುದಿಲ್ಲವೇ, ಇದೂ ಆ ಜಾತಿಯ ಏರ್ಪಾಡು.

ಒರೈ1 ಗುರುತಾದದ್ದು 2006ರಲ್ಲಿ. ಅಂಜನಾ ರಾವ್ ಅವರ ತಂಡವೂ ಸೇರಿದಂತೆ ಕೆಲವು ತಂಡಗಳು ಅದನ್ನು ಹೆಚ್ಚುಕಡಿಮೆ ಒಟ್ಟಿಗೇ ಹಿಡಿದವು. ತೀವ್ರ ರೋಗನಿರೋಧಕ ಕೊರತೆಯಿಂದ ಬಳಲುತ್ತಿದ್ದ ಒಂದು ಕುಟುಂಬದ ಮಕ್ಕಳಲ್ಲಿ ಈ ಪ್ರೋಟೀನಿನ ಒಂದೇ ಒಂದು ಅಮೈನೊ ಆಮ್ಲ ಬದಲಾಗಿತ್ತು. ಟಿ-ಕೋಶಗಳು ಇದ್ದವು, ಆದರೆ ಬಾಗಿಲು ತೆರೆಯದ್ದರಿಂದ ಅವು ಇದ್ದೂ ಇಲ್ಲದಂತೆ.

ಕ್ಯಾಲ್ಸಿಯಂ ಧನ ಆವೇಶದ್ದು. ಅದು ಬಂದಷ್ಟೂ ಕೋಶದ ಒಳಗಿನ ಋಣತ್ವ ತಗ್ಗಿ, ಮುಂದೆ ಬರುವ ಅಯಾನುಗಳಿಗೆ ಸೆಳೆತವೇ ಇಲ್ಲದಂತಾಗುತ್ತದೆ. ಆಗ ಕೆವಿ1.3 ಮುಂತಾದ ಪೊಟ್ಯಾಸಿಯಂ ವಾಹಿನಿಗಳು ಪೊಟ್ಯಾಸಿಯಂ ಹೊರಹಾಕಿ ಋಣತ್ವವನ್ನು ಕಾಯುತ್ತವೆ. ಚೇಳಿನ ಕೆಲವು ವಿಷಗಳು ಕೆವಿ1.3ನ್ನೇ ಮುಚ್ಚುವುದರಿಂದ ಸಂಶೋಧಕರಿಗೆ ಅವು ಬಲು ಬೆಲೆಯವು. ಇತ್ತ, ಒಳಬಂದ ಕ್ಯಾಲ್ಸಿಯಮ್ಮೇ ತಾನು ಬಂದ ಒರೈ1ನ್ನು ಮುಚ್ಚತೊಡಗುತ್ತದೆ. ತೆರೆಯುವುದು ಎಷ್ಟು ಮುಖ್ಯವೋ, ಎಷ್ಟು ಹೊತ್ತು ತೆರೆದಿರಬೇಕೆಂಬುದೂ ಅಷ್ಟೇ ಮುಖ್ಯ.

ಯಾಕೆಂದರೆ ಕ್ಯಾಲ್ಸಿಯಂ ಎಬ್ಬಿಸುವ ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವ, ಎನ್‌ಫ್ಯಾಟ್ ಪ್ರೋಟೀನನ್ನು ಕೋಶಕೇಂದ್ರಕ್ಕೆ ಕಳಿಸುತ್ತದೆ. ಕ್ಯಾಲ್ಸಿಯಂ ಇಳಿದರೆ ಎನ್‌ಫ್ಯಾಟ್ ನಿಮಿಷಗಳಲ್ಲೇ ವಾಪಸು. ಅದು ಅಲ್ಲೇ ನಿಂತು, ಎಪಿ-1 ಎಂಬ ಜೊತೆಗಾರನೂ ಸಿಕ್ಕರೆ ಕೋಶ ಹೆಚ್ಚಿ ಹೋರಾಡುತ್ತದೆ. ಜೊತೆಗಾರನಿಲ್ಲದೆ ಒಂಟಿಯಾಗಿ ದುಡಿದರೆ ಕೋಶ ಬಳಲಿ ಜಡವಾಗುತ್ತದೆ. ಕಾರ್-ಟಿ ಕೋಶಗಳ ದೊಡ್ಡ ತಲೆನೋವು ಈ ಬಳಲಿಕೆಯೇ. ನೆಕ್ಸ್‌ಕಾರ್19ರ ಬಾಲಕ್ಕೆ 4-1ಬಿಬಿ ಎಂಬ ಇನ್ನೊಂದು ತುಣುಕನ್ನು ಜೋಡಿಸಿದ್ದಾರೆ. ಇಂಥ ಜೋಡಣೆಯಿದ್ದರೆ ಕೋಶಗಳು ಹೆಚ್ಚು ಕಾಲ ಬಾಳುತ್ತವೆಂಬುದು ಬೇರೆ ಪ್ರಯೋಗಗಳಲ್ಲಿ ಕಂಡಿದೆ.

ಟಾಟಾದಿಂದ ಕೂಗಳತೆಯಲ್ಲೇ ಕೆಇಎಂ ಆಸ್ಪತ್ರೆ. ಅಲ್ಲಿ ಮೂತ್ರಪಿಂಡ ಕಸಿ ಮಾಡಿಸಿಕೊಂಡವರಿಗೆ ವೈದ್ಯರು ಬರೆದುಕೊಡುವ ಟ್ಯಾಕ್ರೊಲಿಮಸ್ ಗುಳಿಗೆ ಕಟ್ಟಿಹಾಕುವುದು ಇದೇ ಕ್ಯಾಲ್ಸಿನ್ಯೂರಿನ್ನನ್ನು. ಒಂದು ಕಡೆ ಟಿ-ಕೋಶ ಏಳಲೆಂದು ಲಕ್ಷಗಟ್ಟಲೆ ಖರ್ಚು, ಇನ್ನೊಂದು ಕಡೆ ಅದು ಏಳದಿರಲೆಂದು ದಿನವೂ ಗುಳಿಗೆ.