ತಾಳವಾಡಿಯ ಮುದಿ ಜೀಪುಗಳು

1956ರಲ್ಲಿ ಗಡಿಗೆರೆ ಎಳೆದಾಗ ನಮ್ಮ ಕಾಸರಗೋಡು ಕೇರಳಕ್ಕೆ ಸೇರಿತು. ತಾಳವಾಡಿ ಮದರಾಸಿನಲ್ಲೇ ಉಳಿಯಿತು. ಮನೆಮಾತು ಕನ್ನಡ, ಕಚೇರಿಯ ಕಾಗದ ತಮಿಳು. ಅಲ್ಲಿನ ಹಳೆಯ ಜೀಪು ಮಾಲೀಕರ ಗೋಳೂ ಆ ಗೆರೆಗೇ ಸುತ್ತಿಕೊಂಡಿದೆ.

ಹದಿನೈದು ವರ್ಷ ದಾಟಿದ ಖಾಸಗಿ ವಾಹನದ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. 600 ರೂಪಾಯಿಯಿದ್ದ ಶುಲ್ಕ 2022ರ ಏಪ್ರಿಲಿನಲ್ಲಿ 5,000ಕ್ಕೆ ಏರಿತು. 2025ರ ಆಗಸ್ಟಿನಿಂದ ಇಪ್ಪತ್ತು ದಾಟಿದವಕ್ಕೆ 10,000. ಚಾಮರಾಜನಗರ ಮಗ್ಗುಲಲ್ಲೇ ಇದ್ದರೇನು? ನೋಂದಣಿ ತಮಿಳುನಾಡಿನದು; ದಿಂಬಂ ಘಾಟಿಯ 27 ತಿರುವು ಇಳಿಯಲೇಬೇಕು.

2021ರ ನಿಯಮವು ಐವತ್ತು ವರ್ಷ ದಾಟಿದ, ಮೂಲರೂಪ ಕೆಡದ ಗಾಡಿಗಳಿಗೆ ‘ವಿಂಟೇಜ್’ ಪಟ್ಟ ಕೊಟ್ಟಿದೆ. ಮೊದಲಿಗೆ 20,000 ರೂಪಾಯಿ; ಹತ್ತು ವರ್ಷದ ಬಳಿಕ ನವೀಕರಣಕ್ಕೆ ಬರೀ 5,000. ಆದರೆ ಪ್ರದರ್ಶನಕ್ಕೋ ರ್ಯಾಲಿಗೋ ಹೊರತು ನಿತ್ಯ ಓಡಿಸುವಂತಿಲ್ಲ. ಮೆರವಣಿಗೆಯ ಗಾಡಿಗೆ ರಿಯಾಯಿತಿ. ಕೋಸಿನ ಮೂಟೆಯನ್ನೂ ಬಾಣಂತಿಯನ್ನೂ ಹೊರುವ ಜೀಪಿಗೆ ಅದೇ ಹತ್ತು ವರ್ಷಕ್ಕೆ 20,000! ದಿಲ್ಲಿಯ ಹೊಗೆಗೆ ಬೆಟ್ಟದವರು ಕೆಮ್ಮಬೇಕೇ? ಪರೀಕ್ಷೆಯಲ್ಲಿ ತೇರ್ಗಡೆಯಾದ ಗಾಡಿಗೆ ಮತ್ತೆ ವಯಸ್ಸಿನ ದಂಡವೇಕೆಂಬುದು ಮಾಲೀಕರ ಪ್ರಶ್ನೆ. ನಮಗೂ ಅದು ನ್ಯಾಯವೆಂದೇ ತೋರುತ್ತದೆ. ಪರೀಕ್ಷೆ ಬೆಟ್ಟದ ಮೇಲೆಯೇ ನಡೆದು, ಅರ್ಜಿ ಕನ್ನಡದಲ್ಲೂ ಸಿಕ್ಕರೆ ಅರ್ಧ ಸಂಕಟ ತೀರೀತು.